ಮಚ್ಛೇಂದ್ರ ಸುರಿಸಿದ ಮಳೆ

ಆ ಬರದ ವರ್ಷ ಸಂತಪುರದ ಅರ್ಧ ಊರು ದುಡಿಯಲು ಹೈದರಾಬಾದಿಗೆ ಹೋಗಿತ್ತು. ಝೆರಾಕ್ಸ್ ಅಂಗಡಿಯ ಮಚ್ಛೇಂದ್ರ ಹೋಗಲಿಲ್ಲ. ಅವನಿಗೆ ಅದಕ್ಕಿಂತ ಘನವಾದ ಕೆಲಸವಿತ್ತು. ಅವನ ಕಂಪ್ಯೂಟರಿನ ಒಕ್ಕಲುತನದ ಆಟದಲ್ಲೂ ಮಳೆ ಬರುತ್ತಿರಲಿಲ್ಲ! ಮಳೆ ತರಿಸುವ ಮಾಡ್, ಅಂದರೆ ಆಟವನ್ನು ಬದಲಿಸುವ ಫೈಲು, ಸಿಕ್ಕಿತ್ತು. ಆದರೆ ಅದನ್ನು ಆಟಕ್ಕೆ ಜೋಡಿಸುವ ಮ್ಯಾನೇಜರ್ ಎಂಬ ಪ್ರೋಗ್ರಾಂ ವಿಂಡೋಸಿನದು, ಇವನ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್.

ನೀರಿನ ಟ್ಯಾಂಕರ್ ನಿಲ್ಲುವಲ್ಲಿ ಕೊಡ ಇಟ್ಟರೆ ಪಾಳಿ ಹಿಡಿದಂತೆ, ಇದು ನಮ್ಮ ಓಣಿಯ ಕಾನೂನು. ಟ್ಯಾಂಕರ್ ಬಂದಾಗ ಕೊಡದ ಹಿಂದೆ ಮನುಷ್ಯ ಇರದಿದ್ದರೆ ಕೊಡವನ್ನು ಪಕ್ಕಕ್ಕೆ ಸರಿಸುತ್ತಾರೆ. ಮಚ್ಛೇಂದ್ರನ ಹೆಂಡತಿ ಶಾಲುಬಾಯಿ ಕೊಡ ಇಟ್ಟು, "ಲಕ್ಷ್ಯ ಇರಲಿರಿ" ಎಂದು ಹೇಳಿ ಕೆರೆ ಹೂಳೆತ್ತುವ ಕೂಲಿಗೆ ಹೋದಳು.

ಮಹಾಶಯ ಲಕ್ಷ್ಯ ಇಟ್ಟದ್ದು ವೈನ್ ಮೇಲೆ. ಲಿನಕ್ಸಿನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ ಅದು. ವಿಂಡೋಸಿನಲ್ಲಿರುವಂಥ, ಇಲ್ಲಿ ಇಲ್ಲದ ಸಿ ಡ್ರೈವನ್ನು ಅದು ಇದೆಯೆಂದು ತೋರಿಸಿತು. ಮ್ಯಾನೇಜರ್ ಪಾಪ ನಂಬಿ, ಆಟವನ್ನೂ ಅಲ್ಲೇ ಹುಡುಕುತ್ತ ಕೂತಿತು. ಆಟದ ಫೋಲ್ಡರನ್ನು ಲಿನಕ್ಸಿನ ನಿಜವಾದ ಫೈಲುಗಳು ಕಾಣುವ ಝಡ್ ಡ್ರೈವಿನಲ್ಲಿ ತೋರಿಸಬೇಕೆಂದು ಇವನಿಗೆ ಹೊಳೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಪರದೆಯ ಮೇಲೆ ಧೋ ಎಂದು ಮಳೆ! ಈ ಸಾಧನೆ ತೋರಿಸೋಣವೆಂದು ಹೊರಗೆ ಇಣುಕಿದರೆ ಓಣಿಯಲ್ಲಿ ನರಪಿಳ್ಳೆಯಿಲ್ಲ. ಎಲ್ಲರೂ ಟ್ಯಾಂಕರಿಗೆ ಓಡಿದ್ದರು. ಅರಸಿಕರೆಂದು ಗೊಣಗಿ ಒಳಗೆ ಹೋಗಿ ಕೂತ.

ಸಂಜೆ ಶಾಲುಬಾಯಿ, ಪಕ್ಕಕ್ಕೆ ಸರಿಸಿದ್ದ ಖಾಲಿ ಕೊಡ ಎತ್ತಿಕೊಂಡು ಅಂಗಡಿಗೇ ಬಂದಳು.

"ಹ್ಯಾಂಗ ಮಳಿ ಬರ್ಲಾಕತ್ತದ ನೋಡು!" ಎಂದ ಮಚ್ಛೇಂದ್ರ.

ಅವಳು ನೋಡಿದಳು. ಕೊಡವನ್ನು ಕಂಪ್ಯೂಟರಿನ ಮುಂದೆ ಇಟ್ಟಳು.

"ಪಾಳಿಗಿ ಇಟ್ಟೀನ್ರಿ. ತುಂಬಿದ ಮ್ಯಾಲ ಕರೀರಿ."