ಸಂಜೆ ಆರಕ್ಕೇ ಭತ್ತಕ್ಕೆ ಕತ್ತಲು

ರಾತ್ರಿಯೂಟ ಮುಗಿಸಿ ಕೈ ತೊಳೆದು ಬಂದರೆ ಹಿತ್ತಲಲ್ಲಿ ಇನ್ನೂ ಬಿಸಿಲು! ಜೂನ್ ತಿಂಗಳ ಶಿಕಾಗೋದಲ್ಲಿ ಸೂರ್ಯ ಮುಳುಗುವಾಗ ಎಂಟೂವರೆ. ನಮ್ಮ ಕುಂದಾಪುರದಲ್ಲಿ ಏಳಕ್ಕೆಲ್ಲ ದೀಪ ಹಚ್ಚಿಯಾಗಿರುತ್ತದೆ.

ಆರ್ಥಿಕ ಹಿಂಜರಿತದಲ್ಲಿ ಡೆಟ್ರಾಯಿಟ್ ಪಕ್ಕದ ವಾರೆನ್‌ನ ಕೆಲಸ ಹೋಗಿ, ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಗೋದಾಮೊಂದಕ್ಕೆ ಸೇರಿದ್ದೆ. ಇಲ್ಲಿಗೆ ಬರುವವರಿಗೆ ಒಂದು ಮಾತು: ಬಾಡಿಗೆ ಹೇಳಿದಷ್ಟಕ್ಕೆ ಒಪ್ಪಬೇಡಿ. ಸುಮ್ಮನೆ ನಿಂತಿರಿ, ಮನೆಯವರೇ ಇಳಿಯುತ್ತಾರೆ. ನಾನು ಹಾಗೆ ನಿಂತೇ ಹಿತ್ತಲಿರುವ ಮನೆ ಹಿಡಿದೆ. ಹೆಂಡತಿ ಜಲಜಾಳಿಗೆ ಮಾತ್ರ ಅದು ಮನೆಯೆನಿಸಲಿಲ್ಲ.

"ಎಷ್ಟು ಮನೆ ಬದಲಾಯಿಸಿದ್ವಿ, ಒಂದ್ರಲ್ಲೂ ಹೊಸ್ತು ಮಾಡ್ಲಿಲ್ಲ. ಈ ಸಲ ಬಾಗಿಲಿಗೆ ಕದಿರು ಕಟ್ಲೇಬೇಕು."

ಹೊಸ್ತು ನಮ್ಮ ಕಡೆಯ ಹಬ್ಬ: ಹೊಸ ಭತ್ತದ ತೆನೆ, ಅಂದರೆ ಕದಿರನ್ನು, ಬಾಗಿಲಿಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದು. ಹತ್ತಿರದ ಲೆಮಾಂಟ್ ಊರಿನ ದೇವಸ್ಥಾನದಲ್ಲಿ ಪರಿಚಯದವರು ಊರ ತಳಿಯ ಹಿಡಿ ಭತ್ತ ಕೊಟ್ಟಿದ್ದರು. ಹಿತ್ತಲಲ್ಲಿ ಪ್ಲಾಸ್ಟಿಕ್ ತೊಟ್ಟಿಯೊಂದರಲ್ಲಿ ಹಾಕಿದೆ. ಪೈರು ಹುಲುಸಾಗಿ ಬೆಳೆಯಿತು, ತೆನೆಯ ಸುಳಿವಿಲ್ಲ. ಬಿಸಿಲು ಸಾಲದೇನೋ ಎಂದು ರಾತ್ರಿಯಿಡೀ ಹಿತ್ತಲ ದೀಪವನ್ನೂ ಉರಿಸಿದೆ.

ಪಕ್ಕದ ಮನೆಯ ವಾಣಿ ಮೈಸೂರಿನವಳು, ಸಸ್ಯಗಳ ಸಂಶೋಧಕಿ. ನೋಡಿ ಹಣೆ ಚಚ್ಚಿಕೊಂಡಳು.

"ಅಂಕಲ್, ಮೊದ್ಲು ಲೈಟ್ ಆಫ್ ಮಾಡಿ! ಈ ಭತ್ತಕ್ಕೆ ಉದ್ದದ ರಾತ್ರಿ ಬೇಕು. ಆಗ್ಲೇ ಎಲೆಯಲ್ಲಿ ಒಂದು ಪ್ರೋಟೀನ್ ತಯಾರಾಗಿ, ಸುಳಿಗೆ ಹೋಗಿ, ಎಲೆ ಸಾಕು, ಹೂ ಬಿಡು ಅನ್ನುತ್ತೆ. ಹಗಲು ಉದ್ದ ಇದ್ರೆ ಇನ್ನೊಂದು ಪ್ರೋಟೀನ್ ಅದನ್ನ ತಡೆಯುತ್ತೆ."

"ಇನ್ನೊಂದು ಹಿಡಿ ಗೊಬ್ಬರ ಹಾಕಿದ್ರೆ?"

"ಪ್ರೋಟೀನ್ ಹತ್ರ ಚೌಕಾಸಿ ನಡೆಯಲ್ಲ ಅಂಕಲ್."

"ಅಂತೂ ಇವ್ರ ಚೌಕಾಸಿಗೆ ಬಗ್ಗದವ್ರು ಒಬ್ರು ಸಿಕ್ಕಿದ್ರು!" ಎಂದಳು ಜಲಜಾ.

"ಲೈಟ್ ಆಫ್ ಮಾಡಿ ಹಾಗೇ ಬಿಟ್ರೆ?" ಎಂದೆ.

"ಇಲ್ಲಿ ರಾತ್ರಿ ಉದ್ದ ಆಗಿ ತೆನೆ ಬರೋ ಹೊತ್ತಿಗೆ ಚಳಿ ಅದನ್ನ ಸಾಯ್ಸುತ್ತೆ. ಈಗಿಂದ್ಲೇ ಸಂಜೆ ಮುಚ್ಚಿ ಕತ್ತಲು ಮಾಡ್ಬೇಕು."

ಅಂದಿನಿಂದ ಕೆಲಸದಿಂದ ಬಂದವನು ಕೂರುವ ಮೊದಲೇ, ಸಂಜೆ ಆರಕ್ಕೆ, ತೊಟ್ಟಿಯನ್ನು ಗ್ಯಾರೇಜಿಗೆ ಎಳೆದು ಕಪ್ಪು ಹೊದಿಕೆ ಮುಚ್ಚುತ್ತಿದ್ದೆ. ಬೆಳಗ್ಗೆ ಹೊರಡುವಾಗ ಮತ್ತೆ ಹೊರಗೆ. ಸೊಂಟ ಹಿಡಿಯುತ್ತಿತ್ತು. ಬೀದಿಯಲ್ಲಿ ಮಕ್ಕಳು ಬಿಸಿಲಲ್ಲೇ ಸೈಕಲ್ ಹೊಡೆಯುತ್ತಿರುವಾಗ ನಾನು ಭತ್ತಕ್ಕೊಂದು ಕುಂದಾಪುರದ ರಾತ್ರಿ ಮಾಡಿಕೊಡುತ್ತಿದ್ದೆ. ನನಗೆ ಮಾತ್ರ ಅಲ್ಲಿಯ ಕತ್ತಲೂ ಇಲ್ಲ, ಇಲ್ಲಿಯ ಬಿಸಿಲಲ್ಲಿ ನಿದ್ದೆಯೂ ಇಲ್ಲ.

ಆಗಸ್ಟ್ ಕೊನೆಗೆ ತೆನೆ ಇಣುಕಿತು. ಆಮೇಲೆ ಚಳಿ ತಾಗಿ ಅರ್ಧಕ್ಕರ್ಧ ಜೊಳ್ಳು. ಜಲಜಾ ಒಂದೊಂದೇ ಕಾಳು ಒತ್ತಿ ನೋಡಿ, ಗಟ್ಟಿ ಇದ್ದವನ್ನು ಸುಲಿದು ಅಂಗಡಿ ಅಕ್ಕಿಗೆ ಬೆರೆಸಿದಳು. ಒಂದು ಕದಿರು ಬಾಗಿಲಿಗೇರಿತು.

"ಮನೆ ಬಿಡೋವಾಗ ಅದನ್ನ ಬಿಚ್ಬೇಡಿ, ಇಲ್ಲೇ ಇರ್ಲಿ," ಎಂದಳು, ಬಡಿಸುತ್ತ.

"ಬಿಡೋ ಮಾತು ಯಾಕೀಗ?"

"ನಿಮ್ಮ ಗೋದಾಮಲ್ಲೂ ಜನರನ್ನ ಕೆಲ್ಸದಿಂದ ತೆಗೀತಿದಾರಂತಲ್ಲ."

ನಾನು ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.