ವಕೀಲ ಸಾಹೇಬರ ಎಡಗೈ

ಕ್ಲಚ್ ಪ್ಲೇಟ್ ಸುಟ್ಟ ವಾಸನಿ ಒಮ್ಮೆ ಮೂಗಿನಾಗ ಕೂತರ ಜನ್ಮ ಇರೂತನಕ ಬಿಡೂದಿಲ್ಲ. ಹೋದ ಐತವಾರ ಬೀದರದ ಮೈಲೂರಿನ ನಮ್ಮ ಮನಿ ಮುಂದ ಅದೇ ವಾಸನಿ ಬಂತು. ಕಟ್ಟಿ ಮ್ಯಾಲ ಕೂತು ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಟ್ಟು ಎದ್ದೇಬಿಟ್ಟೆ. ಮೊಮ್ಮಗಳು ಕಾರು ತಂದಿದ್ದಳು. ಗೇಟಿನ ಏರು ಹತ್ತಿಸಲಿಕ್ಕೆ ಕ್ಲಚ್ ಅರ್ಧ ಒತ್ತಿ ಹಿಡಿದು ಎಂಜಿನ್ ಒದರಿಸುತ್ತಿದ್ದಳು.

ಏನು ಕಾರು ಅದು! ಕೆಂಪು ಬಣ್ಣ, ನೆಲಕ್ಕ ಹೊಟ್ಟಿ ಹಚ್ಚಿ ಕೂತ ಬೆಕ್ಕಿನಂಗ. ಓಡಲಿಕ್ಕೇ ಹುಟ್ಟಿದ ಗಾಡಿ. ಸೆಕೆಂಡ್ ಹ್ಯಾಂಡ್ ಖರೆ, ಆದರ ತನ್ನ ಸ್ವಂತ ಪಗಾರದಾಗ ತಗೊಂಡಾಳ. ದನದ ಡಾಕ್ಟರು ಅಕಿ. ನಾನು ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟವ. ಅಕ್ಷರ ಸೊಟ್ಟ ಆದರ ಓದುವವರು ಸಂಭಾಳಿಸಿಕೊಳ್ಳಬೇಕು. ಖುಷಿಗೆ ಓಣಿ ತುಂಬ ಪೇಢೆ ಹಂಚಿ ಬಂದೀನಿ. ಬಾಜೂಮನಿಯಾಕಿ "ಮೊಮ್ಮಗಳ ಲಗ್ನ ಗಟ್ಟಿ ಆತೇನ್ರಿ ಮುತ್ಯಾ?" ಅಂತ ಕೇಳಿದಳು. ಲಗ್ನಕ್ಕಿಂತ ದೊಡ್ಡದು ತಾಯಿ, ಅಂದೆ.

ಆದರ ಆ ವಾಸನಿಗೆ ನನಗ ನೆನಪಾದವರು ನಮ್ಮ ವಕೀಲ ಸಾಹೇಬರು. ನೆನಪಾದ ಕೂಡಲೇ ಸಿಟ್ಟೂ ಬಂತು. ತೀರಿಹೋದವರ ಮ್ಯಾಲ ಸಿಟ್ಟು ಮಾಡಬಾರದು ಅಂತಾರ. ಅನ್ನಲಿ. ಅವರ ಬಾಜೂಕ ಕೂತು ಅನುಭವಿಸಿದವನು ನಾನು.

ಅವು ಬರದ ವರ್ಷಗಳು. ನಾನು ಹಲಬರ್ಗಾದಾಗ ಮಂದಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ಮಳಿ ಇಲ್ಲ, ಬಿತ್ತಿಗಿ ಇಲ್ಲ, ಟ್ರ್ಯಾಕ್ಟರಿಗೆ ಕೆಲಸ ಇಲ್ಲ. ಅರ್ಧ ಊರು ಗಂಟು ಕಟ್ಟಿಕೊಂಡು ಭಾಲ್ಕಿ ಸ್ಟೇಷನ್ನಿನಾಗ ರೈಲು ಹತ್ತಿ ಹೈದರಾಬಾದಿಗೆ ಗಾರೆ ಕೆಲಸಕ್ಕ ಹೋಗುತ್ತಿತ್ತು. ನಮ್ಮಾಕಿಯೂ ಗಂಟು ಕಟ್ಟಿ ಬಾಗಿಲ ಹಿಂದ ಇಟ್ಟಿದ್ದಳು. ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಆ ಕೂಸು ಹೊತ್ತುಕೊಂಡು ಸಿಮೆಂಟಿನ ಧೂಳಿನಾಗ ಎಲ್ಲಿ ಮಲಗೋದು ಅಂತ ನನಗ ಎದಿಯೊಳಗ ಕಲ್ಲು. ಅಂಥಾದ್ದರಾಗ ಭಾಲ್ಕಿ ಕೋರ್ಟಿನ ಚಹಾದ ಅಂಗಡಿಯಾಗ ಮಾತು ಬಂತು, ಬೀದರದ ಒಬ್ಬ ವಕೀಲರಿಗೆ ಡ್ರೈವರ್ ಬೇಕಂತ.

ಹೋದೆ. ಕಾರು ನೋಡಿ ಬಾಯಿ ತೆರೆದು ನಿಂತೆ. ಅವರ ಹೆಂಡತಿಯ ತಮ್ಮ ಮುಂಬೈಯಿಂದ ಕಳಿಸಿದ್ದು. ಆಗ ಬೀದರದಾಗ ಇದ್ದ ಕಾರಿನೊಳಗ ಮುಕ್ಕಾಲು ಪಾಲಿಗೆ ಗೇರು ಸ್ಟೀರಿಂಗಿನ ಬಾಜೂಕ, ಎಳೆದರ ಹಗ್ಗ ಹರಿದ ರಾಟಿ ಹಂಗ ಲಡಬಡ ಅನ್ನೋದು. ಇದರದು ನೆಲದಾಗ. ಗಿಡ್ಡ ಕೋಲು, ತುದಿಗೆ ನಿಂಬಿಕಾಯಿಯಂಥಾ ಕರಿ ಗುಂಡು. ಟ್ರ್ಯಾಕ್ಟರಿನ ಗೇರು ಹಾಕಬೇಕಾದರ ಹೆಗಲಿನಿಂದ ಹಾಕಬೇಕು, ಇದಕ್ಕ ಮಣಿಕಟ್ಟು ಸಾಕು. ಎರಡರಿಂದ ಮೂರಕ್ಕ ಹೋಗೂವಾಗ ಒಂದು ಸಣ್ಣ ಟಕ್. ಪೆಟಿಗಿ ಮುಚ್ಚಳ ತನ್ನ ಜಾಗಕ್ಕ ಕೂತಂಗ. ನಿಂತ ಕಾರಿನಾಗ ಕೂತು ನಾನು ಅದನ್ನೇ ನಾಕು ಸಲ ಆ ಕಡಿ ಈ ಕಡಿ ಮಾಡಿದೆ.

"ಏ ಹಲಬರ್ಗಾ," ಅಂದರು ವಕೀಲರು. ಕಡೀತನಕ ನನ್ನನ್ನು ಊರ ಹೆಸರಿನಿಂದಲೇ ಕರೆದರು. "ಆ ಕಡಿ ಸರಿ. ಕಾರು ನಾ ಹೊಡಿತೇನಿ."

"ಮತ್ತ ನಾ ಏನ್ ಮಾಡ್ಲಿ, ಸಾಹೇಬ್ರ?"

"ನೀ ಕೇಳು."

ವಿಷಯ ಏನಂದ್ರ, ಅವರಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಮಾತ್ರ ತನಗ ಮನಸ್ಸು ಬಂದಾಗ ಕೇಳುತ್ತಿತ್ತು. ಎಂಜಿನ್ನಿನ ಸಪ್ಪಳ ತಿಳಿಯದೇ ಗೇರು ಯಾವಾಗ ಬದಲಿಸಬೇಕೋ ಗೊತ್ತಾಗೂದಿಲ್ಲ ಅಂತ ಅವರ ಮಾತು. ನಾನು ಕೂಡೂದು ಎಡಕ್ಕ, ಅಂದರ ಕೆಟ್ಟ ಕಿವಿಯ ಕಡಿ. ಒದರಿದರೂ ಉಪಯೋಗ ಇಲ್ಲ. ಅದಕ್ಕ ಅವರು ಒಂದು ಪದ್ಧತಿ ಹಾಕಿದರು. ಗೇರಿನ ಮ್ಯಾಲ ಇದ್ದ ಅವರ ಎಡಗೈಯನ್ನು ನಾನು ಬಡಿಯಬೇಕು. ಒಮ್ಮೆ ಬಡಿದರ ಮ್ಯಾಲಿನ ಗೇರು, ಎರಡು ಸಲ ಬಡಿದರ ಕೆಳಗಿಂದು.

ಕೇಳಲಿಕ್ಕ ಸಲೀಸು ಅನಸ್ತದ. ಮಾಡಿ ನೋಡ್ರಿ!

ಸೋಮವಾರ ಬೀದರ, ಮರುದಿನ ಭಾಲ್ಕಿ, ಮತ್ತೊಂದು ದಿನ ಔರಾದ... ಕೋರ್ಟಿಂದ ಕೋರ್ಟಿಗೆ ನಾವು ತಿರುಗಿದ್ದೇ ತಿರುಗಿದ್ದು. ನಾನು ಬಡಿದರ ಅವರು ಹಾಕುತ್ತಿರಲಿಲ್ಲ. ಎಂಜಿನ್ ಉರಿ ಹತ್ತಿದವರಂಗ ಚೀರುತ್ತಿತ್ತು. ಮತ್ತ ಬಡಿದರ, "ಯಾಕ ಹೊಡಿತಿಯೋ? ನನ್ನ ಹೆಂಡ್ತಿನೂ ಇಷ್ಟು ಹೊಡ್ಯಾಂಗಿಲ್ಲ!" ಅಂತ ನನ್ನ ಮ್ಯಾಲೇ ರೇಗುತ್ತಿದ್ದರು. ನಾನು ಸುಮ್ಮನ ಕೂತರ, "ನಿದ್ದಿ ಮಾಡ್ಲಿಕ್ಕ ಪಗಾರ ಕೊಡ್ತೇನೇನು?" ಅನ್ನುತ್ತಿದ್ದರು. ಕೊನಿಗೆ ಗೇರು ಹಾಕುತ್ತಿದ್ದರು, ಕರ್ರ್ ಅಂತ. ಆ ಕರ್ರ್ ನನ್ನ ಹಲ್ಲಿನ ಬೇರಿನಾಗ ಕೇಳುತ್ತಿತ್ತು. ಎಮ್ಮಿ ಬಾಯಿಗೆ ಹರಳು ಸಿಕ್ಕಂಗ. ಅಷ್ಟು ಚಂದದ ಗೇರು, ಹೂವಿನಂಗ ಬೀಳಬೇಕಾದದ್ದು... ಅದನ್ನ ಹಿಂಗ ಗೋಳು ಹೊಯ್ಕೊಳ್ಳೋದು ನೋಡಿ ನನಗ ಅಳು ಬರುತ್ತಿತ್ತು.

"ಸಾಹೇಬ್ರ, ನಾ ಹೊಡಿತೇನ್ರಿ, ನೀವು ಹಿಂದ ಆರಾಮ ಕೂಡ್ರಿ" ಅಂತ ದಿನಾ ಹೇಳುತ್ತಿದ್ದೆ.

"ಏನು? ಕೇಳಸ್ಲಿಲ್ಲ."

ಹಿಂದಿನ ಸೀಟಿನಾಗ ಕೂತ ಕಕ್ಷಿದಾರ ಫೀಸು ಕಡಿಮಿ ಮಾಡ್ರಿ ಅಂತ ಗುಣುಗಿದರ ಮಾತ್ರ ಅದು ಕೇಳುತ್ತಿತ್ತು. "ಇಳಿ ಕೆಳಗ!" ಅನ್ನುತ್ತಿದ್ದರು. ಎಂಥಾ ಕಿವಿಯೋ ಏನೋ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇತ್ತು. ಗೇರ್ ಬಾಕ್ಸ್ ಹೋದರ ನನ್ನ ಕೆಲಸನೂ ಹೋಯಿತು. ಅದನ್ನ ಅವರೇ ಒಂದು ದಿನ ಔರಾದಿಗೆ ಹೊಂಟಾಗ ಹೇಳಿದರು: "ಈ ಗಾಡಿ ಇನ್ನೊಮ್ಮೆ ಕೈ ಕೊಟ್ರ ಮಾರಿಬಿಡ್ತೇನಿ. ಬಸ್ಸಿನಾಗ ತಿರಗ್ತೇನಿ. ನೀ ಬ್ಯಾರೆ ಕಡಿ ನೋಡ್ಕೋ." ಬ್ಯಾರೆ ಕಡಿ ಅಂದ್ರ ಹೈದರಾಬಾದು. ನಮ್ಮಾಕಿ ಇನ್ನೂ ಆ ಗಂಟು ಬಿಚ್ಚಿರಲಿಲ್ಲ. ಅಕಿಗೂ ನನ್ನ ಕೆಲಸದ ಭರೋಸಾ ಇರಲಿಲ್ಲ. ಅವರು ಕರ್ರ್ ಅನಿಸಿದಾಗೊಮ್ಮೆ ನನಗ ರೈಲಿನ ಸೀಟಿ ಕೇಳಿದಂಗ ಆಗುತ್ತಿತ್ತು.

ಅದೇ ದಿನ ಆಯಿತು ನೋಡ್ರಿ. ಔರಾದ ಕೋರ್ಟು ಮುಗಿಸಿ ಮಧ್ಯಾಹ್ನ ವಾಪಸ್ ಹೊಂಟಿದ್ದೆವು. ಕಾರಿನಾಗ ನಾವಿಬ್ಬರೇ. ಸಂತಪೂರ ದಾಟಿದ ಮ್ಯಾಲ ಫಟ್ ಅಂತು. ಕ್ಲಚ್ ಪೆಡಲು ನೆಲಕ್ಕ ಬಿತ್ತು, ಮ್ಯಾಲ ಬರಲಿಲ್ಲ. ಕ್ಲಚ್ಚಿನ ವೈರು ಹರಿದಿತ್ತು. ರಸ್ತೆಯಾಗ ಒಂದು ನಾಯಿ ಸೈತ ಇರಲಿಲ್ಲ. ಕೆಂಪು ಮಣ್ಣು, ಬೋಳು ಗಿಡ, ಬಿಸಲು. ನಾನು ಇಳಿದು ತಲಿ ಮ್ಯಾಲ ಕೈ ಹೊತ್ತು ನಿಂತೆ.

"ಹೋತಲ್ರಿ ಸಾಹೇಬ್ರ! ನಾ ಬಡ್ಕೊಂಡೆ, ಬಡ್ಕೊಂಡೆ... ನನ್ನ ಮಾತು ಒಮ್ಮೆರೆ ಕೇಳಿದ್ರೇನು ನೀವು?"

ಅವರು ನನ್ನ ಮಾರಿ ನೋಡಿದರು. "ಕೂಡು" ಅಂದರು.

ಎಂಜಿನ್ ಬಂದ್ ಮಾಡಿ ಒಂದನೇ ಗೇರಿಗೆ ಹಾಕಿದರು. ಚಾವಿ ತಿರುವಿದರು. ಕಾರು ಎರಡು ಸಲ ಕಪ್ಪಿ ಹಂಗ ಜಿಗಿದು ಹೊಂಟೇಬಿಟ್ಟಿತು. ನಾನು ರೂಢಿಯಂಗ ಅವರ ಕೈ ಬಡಿಯಲಿಕ್ಕ ಕೈ ಎತ್ತಿದೆ.

"ಕೈ ತಗಿ."

ಗೇರಿನ ಗುಂಡಿನ ಮ್ಯಾಲ ಅವರ ಎಡಗೈ ಇತ್ತು. ಹಿಡಿದಿರಲಿಲ್ಲ, ಸುಮ್ಮನ ಇಟ್ಟಿದ್ದರು, ಕೂಸಿಗೆ ಜ್ವರ ಅದೇನು ಅಂತ ಹಣಿ ಮುಟ್ಟಿ ನೋಡ್ತಾರಲ್ಲ ಹಂಗ. ಎಕ್ಸಿಲೇಟರಿನಿಂದ ಕಾಲು ಮ್ಯಾಲೆತ್ತಿದರು. ಎಂಜಿನ್ ಸಪ್ಪಳ ಇಳಿಯಿತು. ಕೈಯೊಳಗ ಏನೋ ತಿಳಿಯಿತು ಅವರಿಗೆ... ಎರಡು ಬೆರಳಿನಿಂದ ಕೋಲು ಹಿಂದಕ್ಕ ಎಳೆದರು. ಕ್ಲಚ್ ಇಲ್ಲ ಏನಿಲ್ಲ, ಎರಡನೇ ಗೇರು ಬಿತ್ತು. ಸಪ್ಪಳ ಇಲ್ಲ. ನಾನು ಕಿವಿ ಇದ್ದವನು, ನನಗೇ ಕೇಳಲಿಲ್ಲ! ಮೂರನೇದೂ ನಾಕನೇದೂ ಹಂಗೇ. ನೀರಿಲ್ಲದ ಮಾಂಜ್ರಾ ಹೊಳಿಯ ಸೇತುವೆ ದಾಟಿದೆವು. ಇನ್ನು ಬೀದರದ ಏರು ಬರ್ತದ, ಕೆಳಗಿನ ಗೇರಿಗೆ ಇಳೀಬೇಕು, ಅಲ್ಲಿ ಸಿಗ್ತಾರ ಇವರು ಅಂತ ನಾನು ಕಾದೆ. ಏರು ಬಂತು. ಕಾರು ಭಾರ ಆಯಿತು. ಅವರು ಗೇರು ಬಿಡಿಸಿ, ಎಂಜಿನ್ನಿಗೆ ಕಾಲಿನಿಂದ ಒಂದು ಸಣ್ಣ ಧಮಕಿ ಕೊಟ್ಟು, ಅಂಗೈಯಿಂದ ಮೆಲ್ಲಗ ದೂಡಿದರು. ರೊಟ್ಟಿ ಹಿಟ್ಟಿನಾಗ ಬೆರಳು ಇಳಿದಂಗ ಇಳಿಯಿತು. ಬೀದರದ ಗ್ಯಾರೇಜಿನ ತನಕ ಒಂದು ಕರ್ರ್ ಇಲ್ಲ.

ಗ್ಯಾರೇಜಿನಾಗ ಇಳಿದೆ. ಅವರ ಬಲಗಿವಿಯ ಕಡಿ ಹೋಗಿ ನಿಂತು, ಬೇಕಂತಲೇ ಜೋರಾಗಿ ಕೇಳಿದೆ.

"ಸಾಹೇಬ್ರ, ನಿಮಗ ಇಷ್ಟು ಬರ್ತದ ಅಂದ್ರ... ನನ್ನ ಯಾಕ ಇಟ್ಕೊಂಡೀರಿ?"

ಕಿವಿಗೆ ಕೈ ಹಿಡಿದರು. "ಏನು?"

"ನನ್ನ ಯಾಕ ಇಟ್ಕೊಂಡೀರಿ ಅಂದೆ!"

ಗ್ಯಾರೇಜಿನ ಮಿಸ್ತ್ರಿಗೂ ಕೇಳಿಸಿತು, ರಸ್ತೆ ಆಚಿ ಪಾನ್ ಅಂಗಡಿಯವನೂ ಹೊಳ್ಳಿ ನೋಡಿದ.

"ಕೇಳಸ್ಲಿಲ್ಲ," ಅಂದರು ವಕೀಲ ಸಾಹೇಬರು. "ನಾಳೆ ಭಾಲ್ಕಿ ಅದ. ಲಗೂನ ಬಾ."

ಕಾರು ಮಾರುವ ಮಾತು ಎತ್ತಲೇ ಇಲ್ಲ. ಮರುದಿನ ಭಾಲ್ಕಿ ರಸ್ತೆಯಾಗ ಮತ್ತ ಕರ್ರ್! ನಾನು ಬಡಿದೆ, ಅವರು ಬೈದರು. ಅವತ್ತು ಸಂಜಿಗೆ ನಮ್ಮಾಕಿಗೆ, "ಆ ಗಂಟು ಬಿಚ್ಚು" ಅಂದೆ. ಅಕಿ ಅವತ್ತೇ ಬಿಚ್ಚಿದಳು.

ಅವರು ಬೇಕಂತಲೇ ಗೇರು ಕರ್ರ್ ಅನಿಸುತ್ತಿದ್ದರೋ, ಅಥವಾ ವೈರು ಹರಿದ ದಿನ ಮಾತ್ರ ಕೈ ಅಷ್ಟು ಶಾಣ್ಯಾ ಆಗಿತ್ತೋ... ಇವತ್ತಿಗೂ ಬಗಿಹರಿದಿಲ್ಲ. ಮಳಿ ಬಂದು ಊರಿನ ಮಂದಿ ಹೊಳ್ಳಿ ಬಂದ ಮ್ಯಾಲ ಸ್ಟೀರಿಂಗ್ ನನ್ನ ಕೈಗೆ ಕೊಟ್ಟರು. ಆಗ ತಾವು ಎಡಕ್ಕ ಕೂತು ನನ್ನ ಕೈ ಬಡಿಯಲಿಕ್ಕ ಚಾಲೂ ಮಾಡಿದರು! ಏನೂ ಕೇಳದ ಮನುಷ್ಯ. ಹಂಗ ಬಡಿದೂ ಬಡಿದೂ ನನ್ನನ್ನು ಡ್ರೈವರ್ ಮಾಡಿದರು. ಆ ಕೆಲಸದಾಗೇ ಮಗಳು ಓದಿದಳು, ಅಕಿ ಮಗಳೂ ಓದಿದಳು. ಮುಪ್ಪಿನಾಗ ವಕೀಲರೇ ಮಗನ ಕಡಿ ಹೈದರಾಬಾದಿಗೆ ಹೋದರು. ಹೋಗಬೇಕಾದವ ನಾನು, ಹೋದವರು ಅವರು. ಅಲ್ಲೇ ತೀರಿಕೊಂಡರಂತ. ಸುದ್ದಿ ನನಗ ಮುಟ್ಟೂದರಾಗ ಮಣ್ಣೂ ಆಗಿತ್ತು. ಮುಖ ನೋಡಲಿಲ್ಲ.

ಐತವಾರ ಮೊಮ್ಮಗಳು ನನ್ನನ್ನು ಕಾರಿನಾಗ ಕೂಡಿಸಿಕೊಂಡು ಭಾಲ್ಕಿ ರಸ್ತೆಗೆ ಹೊಂಟಳು. ಆರು ಗೇರಿನ ಗಾಡಿ, ಗಿಡ್ಡ ಕೋಲು, ಅದೇ ಟಕ್. ಎರಡರಿಂದ ಮೂರಕ್ಕ ಹಾಕೂವಾಗ ಕರ್ರ್ ಅನಿಸಿದಳು. ನನಗ ಗೊತ್ತಿಲ್ಲದಂಗ ನನ್ನ ಕೈ ಹೋಗಿ ಅಕಿ ಕೈ ಬಡೀತು.

"ಮುತ್ಯಾ! ಯಾಕ ಹೊಡಿತಿ?"

"ಗೇರು ಹಾಕೂದು ಬರಾಂಗಿಲ್ಲ ಅಂದ್ರ ಆಟೊಮ್ಯಾಟಿಕ್ ತಗೋಬೇಕಿತ್ತು. ಈಗ ಎಲ್ಲಾರೂ ಅದನ್ನೇ ತಗೋತಾರ."

"ಅದನ್ನ ತಗೊಂಡಿದ್ರ," ಅಂದಳು, ಕಣ್ಣು ರಸ್ತೆ ಮ್ಯಾಲೇ ಇಟ್ಟು, "ನೀ ಬಾಜೂಕ ಕೂತು ಏನ್ ಮಾಡ್ತಿದ್ದಿ?"

ನಾನು ಕಿಟಕಿ ಕಡಿ ಹೊಳ್ಳಿ ಕೂತೆ. ಅಕಿ ಮತ್ತ ಏನೋ ಕೇಳಿದಳು.

"ಏನು? ಕೇಳಸ್ಲಿಲ್ಲ," ಅಂದೆ.