ಸುಣ್ಣದ ಗೆರೆಯ ಕಾರು

ಆ ಕಾರು ಇನ್ನೂ ಬಿಡುಗಡೆಯಾಗಿರಲಿಲ್ಲ. ಅದರ ಮುಖವನ್ನು ಪೂರ್ತಿಯಾಗಿ ಯಾರೂ ಕಂಡಿರಲಿಲ್ಲ. ಕಂಪನಿಯವರು ಫೋನಿನಲ್ಲಿ ಒಂದು ದಿನ ಹಿಂದಿನ ದೀಪ ತೋರಿಸುತ್ತಿದ್ದರು, ಇನ್ನೊಂದು ದಿನ ಬಾಗಿಲಿನ ಹಿಡಿ. ಹೆಣ್ಣು ನೋಡಲು ಹೋದವರಿಗೆ ಪರದೆಯ ಸಂದಿಯಿಂದ ಕಾಫಿ ಲೋಟ ಹಿಡಿದ ಕೈಯನ್ನಷ್ಟೇ ತೋರಿಸಿದ ಹಾಗೆ. ಆದರೂ ಹೊಳೆನರಸೀಪುರದ ನಮ್ಮ ಮನೆಯ ಅಂಗಳದಲ್ಲಿ ಅದು ಬಂದು ನಿಂತಾಗಿತ್ತು.

ನಿಲ್ಲಿಸಿದವನು ನಾನೇ. ನನ್ನದು ಹಾರ್ಡ್‌ವೇರ್ ಅಂಗಡಿ; ಸುಣ್ಣದ ಪುಡಿ, ದಾರ, ಗೂಟ, ಅಳತೆ ಟೇಪು ಯಾವುದಕ್ಕೂ ಪರದಾಡಬೇಕಿಲ್ಲ. ಮನೆ ಕಟ್ಟುವವರು ಪಾಯ ತೋಡುವ ಮುಂಚೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರಲ್ಲ, ಎಳೆದ ಮೇಲೆ ಮನೆಮಂದಿಯೆಲ್ಲ ಆ ಗೆರೆಗಳೊಳಗೆ ಓಡಾಡಿ, ಇದು ಅಡಿಗೆಮನೆ, ಇದು ದೇವರ ಕೋಣೆ ಎನ್ನುತ್ತಾ, ಇಲ್ಲದ ಬಾಗಿಲಿನಿಂದಲೇ ಒಳಹೊರಗೆ ಹೋಗುತ್ತಾರಲ್ಲ, ಹಾಗೆ. ಹೊಸ ಎಲೆಕ್ಟ್ರಿಕ್ ಎಸ್‌ಯುವಿಯ ಉದ್ದ ಅಗಲ ಇಷ್ಟಿಷ್ಟು ಎಂದು ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದೇ ತಡ, ಅದು ನಮ್ಮ ಗೇಟಿಗೂ ಸಂಪಿನ ಮುಚ್ಚಳಕ್ಕೂ ನಡುವೆ ಹಿಡಿಯುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ಹತ್ತಿತು. ಭಾನುವಾರ ಬೆಳಿಗ್ಗೆ ದಾರ ಕಟ್ಟಿ ಗೆರೆ ಎಳೆದೆ. ಹಿಡಿಯಿತು. ಚಿಂತೆ ತೀರಲಿಲ್ಲ: ಯೂಟ್ಯೂಬಿನವನ ಅಳತೆಯೇ ತಪ್ಪಿದ್ದರೆ?

ನಾನು ಹೊಸ ಕುಕ್ಕರು ತಂದರೂ ಮೊದಲ ಸೀಟಿ ಕೂಗುವ ತನಕ ಅಡಿಗೆಮನೆಯ ಬಾಗಿಲಾಚೆ ನಿಲ್ಲುವವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳಿ ಬಂದು, ಆರಿಸಿದ್ದನ್ನು ಕಂಡು ಹೊರಟು, ಬೀಗ ಹಾಕಿದೆನೇ ಎಂದು ಪುನಃ ಮರಳಿದವನು. ಇಂಥವನಿಗೆ ಇನ್ನೂ ಹುಟ್ಟದ ಕಾರಿನ ಮೇಲೆ ಮನಸ್ಸಾಗಲು ಕಾರಣ ನನ್ನ ಹೆಂಡತಿ. ಅವಳಿಗೆ ನಾಲ್ಕು ಚಕ್ರದ ಗಾಡಿ ಆಗಿಬರುವುದಿಲ್ಲ. ಬಸ್ಸಾಗಲಿ, ಜೀಪಾಗಲಿ, ಕಾರಾಗಲಿ, ಹೊರಟು ಸ್ವಲ್ಪ ಹೊತ್ತಿಗೆ ಮುಖ ಬಿಳಿಚಿಕೊಳ್ಳುತ್ತದೆ, ಕೈ ನಿಂಬೆಹಣ್ಣನ್ನು ತಡಕುತ್ತದೆ, ಆಮೇಲೆ ಗಾಡಿ ನಿಲ್ಲಿಸಬೇಕು. ನಿಂಬೆಹಣ್ಣು ಮೂಸಿ, ಹುಣಸೆಹಣ್ಣು ಚೀಪಿ, ಸೀಟಿನ ಮೇಲೆ ಪೇಪರು ಹಾಸಿ ಕೂತು, ಯಾರು ಯಾರು ಏನೇನು ಹೇಳಿದರೋ ಎಲ್ಲವನ್ನೂ ಮಾಡಿ ಮುಗಿಸಿದ್ದಳು. ಮದುವೆಯಾದಾಗಿನಿಂದ ನಾವು ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಸ್ಕೂಟರಿನಲ್ಲೇ ಹೋಗಿಬಂದವರು. ಸ್ಕೂಟರಿನ ಮೇಲೆ ಅವಳು ರಾಣಿಯ ಹಾಗಿರುತ್ತಿದ್ದಳು.

ಆಮೇಲೆ ನನ್ನ ಸೊಂಟದ ಡಿಸ್ಕು ಜರುಗಿತು. ಹಾಸನದ ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು, ಸ್ಕೂಟರನ್ನು ಮರೆತುಬಿಡಿ ಎಂದರು. ನನ್ನ ಸೊಂಟಕ್ಕೆ ಹಾಕಿದ ಬೆಲ್ಟು ಅವಳ ಕಾಲಿಗೆ ಬಿತ್ತು.

ಅವಳ ತವರು ರುದ್ರಪಟ್ಟಣದ ಪಕ್ಕದ ಹಳ್ಳಿ. ಅಲ್ಲಿ ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಅವಳೂ ಅವಳ ಅಕ್ಕನೂ ಲಂಗ ಉಡುತ್ತಿದ್ದ ಕಾಲದಿಂದ ಅದರ ಜಮಖಾನದ ಮೇಲೆ ಕೂತು ತೊಡೆ ತಟ್ಟಿಕೊಂಡು ತಾಳ ಹಾಕಿದವರು. ಅಕ್ಕ ಈಗ ಅರಕಲಗೂಡಿನಲ್ಲಿದ್ದಾರೆ. ನನ್ನ ಸೊಂಟ ಕೆಟ್ಟ ಮೇಲೆ ಅಕ್ಕ ಒಬ್ಬರೇ ಹೋಗಿ, ಕಚೇರಿಯ ನಡುವೆ ಫೋನು ಎತ್ತಿ ಹಿಡಿಯುತ್ತಿದ್ದರು. ನಮ್ಮ ಅಡಿಗೆಮನೆಯಲ್ಲಿ ತಂಬೂರಿ ಸೊಳ್ಳೆಯ ಹಾಗೆ ಕೇಳಿಸುತ್ತಿತ್ತು. ಕಳೆದ ಸಲ ಅವಳು ಅದನ್ನು ಕೇಳಿಸಿಕೊಳ್ಳುತ್ತಾ ಫೋನನ್ನು ಥಟ್ಟನೆ ಆರಿಸಿದಳು.

"ಮುಂದಿನ ವರ್ಷ ನಾನು ಅಲ್ಲೇ ಕೂತು ಕೇಳ್ಬೇಕು ಕಣ್ರೀ. ಹೆಂಗೆ ಅಂತ ನೀವು ಯೋಚ್ನೆ ಮಾಡಿ. ಯೋಚ್ನೆ ಮಾಡೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ."

ಯೋಚಿಸಿದೆ. ಅವಳಿಗೆ ಆಗದಿರುವುದು ಡೀಸೆಲ್ ಪೆಟ್ರೋಲುಗಳ ವಾಸನೆ ಎಂದು ತೀರ್ಮಾನಕ್ಕೆ ಬಂದೆ. ಕರೆಂಟಿಗೆ ವಾಸನೆ ಎಲ್ಲಿಯದು? ಹಾಗೆ ಶುರುವಾಯಿತು ಹೊಸ ಕಾರಿನ ಜಪ. ಉತ್ಸವದ ಹೊತ್ತಿಗೆ ಬಿಡುಗಡೆ ಎಂಬ ಸುದ್ದಿಯಿತ್ತು. ಚನ್ನರಾಯಪಟ್ಟಣದ ಹೈವೇ ಪಕ್ಕ ಚಾರ್ಜಿಂಗ್ ಪಾಯಿಂಟ್ ಇದೆ ಎಂದು ಕೇಳಿ ಬಸ್ಸು ಹತ್ತಿ ನೋಡಿಬಂದೆ. ಅಲ್ಲೊಬ್ಬರು ಕಾರಿಗೆ ವೈರು ಸಿಕ್ಕಿಸಿ ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದರು. ಅವರನ್ನು, ಮಳೆಯಲ್ಲಿ ಶಾಕ್ ಹೊಡೆಯುವುದಿಲ್ಲವೇ, ದಾರಿಯಲ್ಲಿ ಚಾರ್ಜು ಮುಗಿದರೆ ತಳ್ಳಬಹುದೇ, ದನ ಅಡ್ಡ ಬಂದರೆ ಸದ್ದಿಲ್ಲದ ಗಾಡಿ ಅದಕ್ಕೆ ತಿಳಿಯುವುದು ಹೇಗೆ ಎಂದು ಕೇಳಿದೆ. ಅವರು ಎಳನೀರು ಅರ್ಧಕ್ಕೆ ಬಿಟ್ಟು ಕಾರಿನೊಳಗೆ ಹೋಗಿ ಗಾಜು ಏರಿಸಿಕೊಂಡರು.

ಸುಣ್ಣದ ಗೆರೆ ಎಳೆದ ಭಾನುವಾರ ಪಕ್ಕದ ಮನೆಯ ನನ್ನ ಚಿಕ್ಕಪ್ಪ ಕಾಂಪೌಂಡಿನ ಮೇಲಿಂದ ಇಣುಕಿದರು. ಕಟ್ಟಾಯದ ಕಡೆ ಜಮೀನು ಮಾಡಿಸುವ, ಹಣೆಗೆ ವಿಭೂತಿ ಇಲ್ಲದೆ ಬಾಗಿಲಾಚೆ ಕಾಲಿಡದ ಹಿರಿಯರು. ಅವರದೊಂದು ಹಳೆಯ ಪೆಟ್ರೋಲ್ ಕಾರಿದೆ. ಅವರಿಗೆ ಓಡಿಸಲು ಬರುವುದಿಲ್ಲ, ಮದುವೆ ಮುಂಜಿಗೆ ನಾನು ಓಡಿಸುತ್ತೇನೆ.

"ಏನ್ಲಾ ಇದು, ಯಾರ್ದಾದ್ರೂ ಸಮಾಧಿಗೆ ಅಳ್ತೆ ಆಕಿದ್ದೀಯಾ?"

"ಕಾರು, ಚಿಕ್ಕಪ್ಪ. ಹೊಸದು ಬರುತ್ತಲ್ಲ, ಎಲೆಕ್ಟ್ರಿಕ್."

"ಓಹೋ. ಅಂಗಾದ್ರೆ ಸೀಟಾಕ್ಲಾ, ಕೂತು ನೋಡಾನ."

ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಸಾಲಾಗಿ ಇಟ್ಟೆ. ಚಿಕ್ಕಪ್ಪ ಗೆರೆಯನ್ನು ಸುತ್ತಿ ಬಂದು, ಬಾಗಿಲು ಇರಬೇಕಾದ ಜಾಗದಲ್ಲೇ ಬಗ್ಗಿ ಒಳಹೊಕ್ಕು, ಮುಂದಿನ ಎಡಗಡೆಯ ಕುರ್ಚಿಯಲ್ಲಿ ಕೂತರು. ಮದುವೆಮನೆಯ ಮೊದಲ ಎಲೆ ಹೇಗೋ ನಮ್ಮಲ್ಲಿ ಕಾರಿನ ಮುಂದಿನ ಸೀಟೂ ಹಾಗೆ, ಹಿರಿಯ ಗಂಡಸಿಗೆ. ಹಿರಿಯರಿಲ್ಲದಿದ್ದರೆ ಬೀಗರಿಗೆ, ಬೀಗರೂ ಇಲ್ಲದಿದ್ದರೆ ಹಣ್ಣಿನ ಬುಟ್ಟಿಗೆ. ಹೆಂಗಸರು ಹಿಂದೆ. ನಾನು ಡ್ರೈವರ್ ಕುರ್ಚಿಯಲ್ಲಿ ಕೂತೆ. ಹೆಂಡತಿ ಸೌಟು ಹಿಡಿದೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು.

"ಹೆಂಗಿದೆ?" ಎಂದೆ, ಹಿಂದಕ್ಕೆ ತಿರುಗಿ.

"ನಿಮ್ಮಿಬ್ರ ತಲೆ ಕಾಣ್ಸುತ್ತೆ. ಇನ್ನೇನೂ ಕಾಣಲ್ಲ," ಎಂದಳು.

ಈ ಮಾತನ್ನು ನಾನು ಕಾರಿನ ಅಗಲದ ಬಗ್ಗೆ ಎಂದು ತಿಳಿದು, ಕುರ್ಚಿಗಳನ್ನು ತುಸು ದೂರ ಸರಿಸಿದೆ.

ಬಿಡುಗಡೆಗೆ ಕಾಯುವ ಮುನ್ನ ಒಮ್ಮೆ ಪರೀಕ್ಷಿಸುವುದು ಒಳ್ಳೆಯದೆನಿಸಿ, ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸುವ ಪರಿಚಯದವನೊಬ್ಬನನ್ನು ಹಾಸನದಿಂದ ಕರೆಸಿದೆ. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗಿಬರುವುದು ಎಂದಾಯಿತು. ಕಾರು ನೋಡುವುದಕ್ಕೆ ಹಿರಿಯರೊಬ್ಬರು ಬೇಡವೇ ಎಂದು ಚಿಕ್ಕಪ್ಪನೂ ಶಲ್ಯ ಹೊದ್ದು ಬಂದು, ಮುಂದಿನ ಸೀಟಿನಲ್ಲಿ ಕೂತರು. ನಾವಿಬ್ಬರು ಹಿಂದೆ. ಸದ್ದಿಲ್ಲ, ವಾಸನೆಯಿಲ್ಲ. ಊರು ದಾಟುವಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಹಾಲು ಒಲೆಯ ಮೇಲಿಟ್ಟವನ ಹಾಗೆ.

ಮೊಸಳೆಹೊಸಹಳ್ಳಿ ಬರುವ ಮುಂಚೆಯೇ ಹಾಲು ಉಕ್ಕಿತು. ಆ ಗಾಡಿಯದೊಂದು ಗುಣ: ಕಾಲು ತೆಗೆದರೆ ಸಾಕು, ಬ್ರೇಕು ಒತ್ತಿದ ಹಾಗೆ ತಾನೇ ಹಿಡಿದುಕೊಳ್ಳುತ್ತದೆ. ಕಾಲಿಟ್ಟರೆ ಬಾಣ, ತೆಗೆದರೆ ಜಗ್ಗು. ಅವಳು ರಸ್ತೆಯ ಅಂಚಿಗೆ ಕೂತು ಬಾಯಿ ತೊಳೆದುಕೊಂಡು, ಕಾರಿನತ್ತ ನಡೆದು ಬಂದು, ಮುಂದಿನ ಬಾಗಿಲ ಬಳಿ ನಿಂತಳು.

"ಮಾವ, ನಾನು ಒಂಚೂರು ಮುಂದೆ ಕೂತ್ಕೊಳ್ಲಾ?"

ಚಿಕ್ಕಪ್ಪ ಗಾಬರಿಯಾದರು. "ನಂಗೆ ಮಂಡಿ ನೋವಲ್ವಾ ತಾಯಿ. ಇಂದೆ ಮಡಚ್ಕೊಂಡು ಕೂರಕಾಗಕಿಲ್ಲ. ನಿಧಾನಕ್ಕೋಗು ಅಂತೀನಿ ತಗಾ. ಲೋ ಅಪ್ಪ, ನಿಧಾನಕ್ಕೋಗಪ್ಪ."

ಟ್ಯಾಕ್ಸಿಯವನು ನಿಧಾನಕ್ಕೆ ಹೋದ. ಜಗ್ಗು ಇನ್ನೂ ಹೆಚ್ಚಾಯಿತು. ಹಾಸನ ಮುಟ್ಟದೆ ತಿರುಗಿದೆವು.

ಮನೆಗೆ ಬಂದು ನಾನು ಪೊರಕೆ ತೆಗೆದುಕೊಂಡೆ. ಸುಣ್ಣದ ಗೆರೆ ಗುಡಿಸಿಬಿಡುವುದೆಂದು. ಬೇಸರವೂ ಇತ್ತು, ಸುಳ್ಳು ಹೇಳಬಾರದು, ದೊಡ್ಡದೊಂದು ಖರ್ಚಿನ ಚಿಂತೆ ತಪ್ಪಿತೆಂಬ ನೆಮ್ಮದಿಯೂ ಇತ್ತು. ಅಂಗಳಕ್ಕೆ ಬಂದರೆ ಅವಳು ಗೆರೆಯೊಳಗಿದ್ದಳು. ಡ್ರೈವರ್ ಕುರ್ಚಿಯಲ್ಲಿ. ಮುಖಕ್ಕೆ ಇನ್ನೂ ರಕ್ತ ಬಂದಿರಲಿಲ್ಲ.

"ಅಲ್ರೀ, ಬಸ್ ಡ್ರೈವರು ವಾಂತಿ ಮಾಡ್ಕೊಂಡಿದ್ದು ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ.

"ಸ್ಕೂಟರಲ್ಲಿ ನಂಗೇನೂ ಆಗ್ತಿರ್ಲಿಲ್ಲ. ನಿಮ್ಮ ಹೆಗಲ ಮೇಲಿಂದ ರಸ್ತೆ ಕಾಣ್ತಿತ್ತು. ತಿರುವು ಬರೋದು ಮೊದ್ಲೇ ಗೊತ್ತಾಗ್ತಿತ್ತು. ಹಿಂದೆ ಕೂರ್ಸಿದ್ರೆ ಹೊಟ್ಟೆಗೆ ಮಾತ್ರ ಗೊತ್ತಾಗುತ್ತೆ, ಕಣ್ಣಿಗೆ ಗೊತ್ತಾಗಲ್ಲ."

"ಮುಂದೆ ಕೂತ್ರೆ ಸಾಕಲ್ಲ ಹಂಗಾದ್ರೆ. ಚಿಕ್ಕಪ್ಪಂಗೆ ನಾನು ಹೇಳ್ತೀನಿ."

"ಅವ್ರ ಸೀಟು ಅವ್ರೇ ಇಟ್ಕೊಳ್ಲಿ. ಅದನ್ನ ಕೇಳೋಕೆ ವರ್ಷಗಟ್ಲೆ ಆಗುತ್ತೆ. ಈ ಸೀಟು ಸುಲಭ, ಇದಕ್ಕೆ ನೀವೊಬ್ರೇ ಅಡ್ಡ." ಆಮೇಲೆ ಪೊರಕೆಯನ್ನು ನೋಡಿ, "ಅದನ್ನ ಒಳಗಿಡಿ," ಎಂದಳು.

ಮಾರನೆಯ ವಾರ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ನಾನು ಆ ದಿನಗಳಲ್ಲಿ ಪಟ್ಟ ಚಿಂತೆಗಳನ್ನು ಮಾರುವ ಹಾಗಿದ್ದರೆ ಅಂಗಡಿಯಲ್ಲಿ ಮೊಳೆ ಮಾರಬೇಕಿರಲಿಲ್ಲ. ಮೊದಲ ದಿನ ಹೇಮಾವತಿ ಸೇತುವೆಯ ಹತ್ತಿರ ಕ್ಲಚ್ಚು ಬಿಟ್ಟು ಗಾಡಿ ನಿಂತಿತಂತೆ, ಹಿಂದಿದ್ದ ಟ್ರ್ಯಾಕ್ಟರಿನವನು, "ಅಕ್ಕೋ, ಮನೇಲಿ ಅನ್ನಕ್ಕಿಟ್ಟು ಬಂದಿದ್ಯಾ? ಬೇಗ ತೆಗಿ!" ಎಂದು ಕೂಗಿದನಂತೆ. "ಮುದ್ದೆಗಿಟ್ಟು ಬಂದಿದೀನಿ, ತಿರುವಕ್ಕೆ ಬತ್ತೀಯಾ?" ಎಂದು ಇವಳು ಕೇಳಿದಳಂತೆ. ನಾನು ಅವಳ ಮುಖ ನೋಡಿದೆ. ಕೆಂಪಗಿತ್ತು. "ಹೊಟ್ಟೆ?" ಎಂದೆ. ಆ ಪ್ರಶ್ನೆ ಅರ್ಥವಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಹೊಟ್ಟೆಯೊಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಪೆಟ್ರೋಲಿನ ವಾಸನೆ ಆ ಗಾಡಿಯಲ್ಲೂ ಇತ್ತು. ನನ್ನ ತೀರ್ಮಾನ ಅಲ್ಲಿಗೆ ಮಣ್ಣುಪಾಲಾಯಿತು.

ಸಂಜೆ ಚಿಕ್ಕಪ್ಪನ ಕಾರು ತಂದು ಸುಣ್ಣದ ಗೆರೆಯೊಳಗೆ ಹಿಂದಕ್ಕೆ ಬಿಡುವುದನ್ನು ಕಲಿತಳು. ಮಳೆ ಬಂದು ಗೆರೆ ಅಳಿಸಿದರೆ ಬೆಳಿಗ್ಗೆ ರಂಗೋಲಿಯ ಜೊತೆಗೇ ಅದನ್ನೂ ಎಳೆಯುತ್ತಿದ್ದಳು. ಎರಡು ಸಲ ಸಂಪಿನ ಮುಚ್ಚಳ ಹೋಯಿತು. ಎರಡು ಸಲವೂ ನಾನು ಅಂಗಡಿಯಿಂದ ಇನ್ನೊಂದು ಮುಚ್ಚಳ ತಂದೆ. ಹಾಸನದಲ್ಲಿ ಮೊದಲ ಪರೀಕ್ಷೆ ನಪಾಸಾಯಿತು. ಅವಳು ಗೇಟಿನ ಹೊರಗೆ ಬಂದು, "ಮತ್ತೆ ಯಾವತ್ತು ಅಂತ ಕೇಳ್ಕೊಂಡು ಬಂದೆ, ನಡೀರಿ," ಎಂದಳು. ಆ ಗೇಟಿನ ಹೊರಗೆ ಅವಳಿಗೆ ಹೇಳಲೆಂದು ನಾನು ಬಾಯಿಪಾಠ ಮಾಡಿಕೊಂಡಿದ್ದ ಸಮಾಧಾನದ ಮಾತುಗಳು ಇಂದಿಗೂ ಬಳಕೆಯಾಗದೆ ಹಾಗೇ ಇವೆ. ಎರಡನೆಯದರಲ್ಲಿ ಪಾಸಾದಳು.

ಇಷ್ಟರಲ್ಲಿ ಬಿಡುಗಡೆಯ ದಿನ ಗೊತ್ತಾಯಿತು. ರುದ್ರಪಟ್ಟಣದ ಉತ್ಸವದ ನಡುವಿನ ದಿನ, ಅವಳು ಹೊರಡಬೇಕೆಂದಿದ್ದ ದಿನವೇ.

"ಕಾರು ಬಿಡುಗಡೆ ಆಗ್ಲಿ, ಬುಕ್ ಮಾಡಿ, ಅದು ಮನೆಗೆ ಬಂದ್ಮೇಲೆ ಮುಂದಿನ ವರ್ಷ ಅದರಲ್ಲೇ..." ಎಂದು ಶುರುಮಾಡಿದೆ. ಎಲ್ಲಿ ಇವಳು ಈಗಷ್ಟೇ ಕಲಿತ ಕ್ಲಚ್ಚು, ಎಲ್ಲಿ ಅರಕಲಗೂಡು ರಸ್ತೆಯ ತಿರುವುಗಳು ಎಂಬುದು ನನ್ನ ಮನಸ್ಸಿನಲ್ಲಿತ್ತು.

"ಅದು ಬಂದಾಗ ಬರ್ಲಿ. ಕಚೇರಿ ಕಾಯಲ್ಲ," ಎಂದಳು.

ಚಿಕ್ಕಪ್ಪನ ಹಳೆಯ ಕಾರಿನಲ್ಲಿ ಹೊರಟೆವು. ಮುಂದಿನ ಎಡಗಡೆ ಎಂದಿನಂತೆ ಅವರೇ, ಶಲ್ಯ ಸಮೇತ. ಡ್ರೈವರ್ ಸೀಟಿನಲ್ಲಿ ಅವಳು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು. ಅಲ್ಲಿಂದ ಇಬ್ಬರ ತಲೆ ಕಾಣಿಸುತ್ತದೆ, ಇನ್ನೇನೂ ಕಾಣುವುದಿಲ್ಲ.

ಅವಳು ಚೆನ್ನಾಗಿಯೇ ಓಡಿಸಿದಳು. ಪ್ರತಿ ತಿರುವಿಗೂ ನಾನು ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಚಿಕ್ಕಪ್ಪ ದಾರಿಹೋಕರಿಗೆಲ್ಲ ಕಿಟಕಿಯಿಂದ ಕೈ ಎತ್ತುತ್ತಾ, "ನಮ್ ಸೊಸೆ ಕಣ್ಲಾ ಓಡ್ಸ್ತಿರೋದು!" ಎಂದು, ತಾವೇ ಕಲಿಸಿದವರ ಹಾಗೆ ಕೂಗುತ್ತಿದ್ದರು. ಅಷ್ಟರಲ್ಲಿ ಫೋನಿನಲ್ಲಿ ಬಿಡುಗಡೆಯ ನೇರಪ್ರಸಾರ ಶುರುವಾಯಿತು. ನೀಲಿ ಬೆಳಕು, ಹೊಗೆ, ಡ್ರಮ್ಮು, ವೇದಿಕೆಯ ನಡುವೆ ಬಟ್ಟೆ ಹೊದ್ದು ಕೂತ ಕಾರು. ತಿಂಗಳುಗಟ್ಟಲೆ ಕಾದ ಗಳಿಗೆ. ತಲೆ ಬಗ್ಗಿಸಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದೆ. ರಸ್ತೆ ಎಡಕ್ಕೆ ತಿರುಗಿತು, ನೀಲಿ ಬೆಳಕು ಬಲಕ್ಕೆ ತಿರುಗಿತು. ನಾಲಿಗೆಯ ಬುಡದಲ್ಲಿ ನೀರೂರಿತು. ಕಿವಿಯ ಹಿಂದೆ ತಣ್ಣಗೆ ಬೆವರಿತು.

"ಬಟ್ಟೆ ತೆಗೆದ್ರೇನ್ರೀ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಈಗ... ಗಾಡಿ... ಗಾಡಿ ನಿಲ್ಸು ಕಣೇ!"

ಅವಳು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಅಚ್ಚುಕಟ್ಟಾಗಿ ಪಕ್ಕಕ್ಕೆ ನಿಲ್ಲಿಸಿದಳು. ನಾನು ಹುಣಸೆಮರದ ಬುಡ ಹಿಡಿದುಕೊಂಡೆ. ಹಿಂದೆ ಕಾರಿನೊಳಗೆ ಡ್ರಮ್ಮು ಜೋರಾಯಿತು, ಜನ ಹೋ ಎಂದರು, ಚಪ್ಪಾಳೆ ಬಿತ್ತು. ನಾನು ನೋಡಿದ್ದು ಹುಣಸೆಮರದ ಬೇರುಗಳನ್ನು.

"ಇದೇನ್ಲಾ, ಗಂಡಸಾಗಿ!" ಎಂದರು ಚಿಕ್ಕಪ್ಪ, ಕಿಟಕಿಯಿಂದ.

ಅವಳು ನೀರಿನ ಬಾಟಲಿ ತಂದು ನನ್ನ ಬೆನ್ನು ನೀವಿದಳು. ಎಲ್ಲಿ ನೀವಿದರೆ ಹಿತ ಎಂಬುದು ಅವಳಿಗೆ ಗೊತ್ತಿತ್ತು. "ನಿಂಬೆಹಣ್ಣು ಬ್ಯಾಗ್‌ನಲ್ಲಿದೆ. ಅಭ್ಯಾಸಕ್ಕೆ ಹಾಕ್ಕೊಂಡಿದ್ದೆ. ತಗೊಳ್ಳಿ."

ಮತ್ತೆ ಹೊರಡುವಾಗ ಚಿಕ್ಕಪ್ಪ ಒಂದೆರಡು ಸಲ ಕೆಮ್ಮಿ, ಮಂಡಿ ಹಿಡಿದುಕೊಂಡು ಇಳಿಯಲು ನೋಡಿದರು. "ಬೇಕಾರೆ ನೀನೇ ಮುಂದೆ ಕೂತ್ಕೊಳ್ಲಾ..."

"ಬೇಡಿ ಮಾವ, ನಿಮ್ಮ ಮಂಡಿ. ಅವ್ರು ಕೂತಿರ್ತಾರೆ," ಎಂದಳು ನನ್ನ ಹೆಂಡತಿ, ಗೇರು ಹಾಕುತ್ತಾ. "ಅರಕಲಗೂಡಲ್ಲಿ ಅಕ್ಕನೂ ಹತ್ತುತ್ತಾಳೆ. ಪಕ್ಕಕ್ಕೆ ಜೊತೆ ಇರುತ್ತೆ."

ಜಮಖಾನದ ಮೇಲೆ ಅಕ್ಕತಂಗಿಯರು ಕಂಬದ ಪಕ್ಕ ತಮ್ಮ ಹಳೆಯ ಜಾಗ ಹಿಡಿದರು. ತಂಬೂರಿ ತಂಬೂರಿಯ ಹಾಗೇ ಕೇಳಿಸಿತು. ನಾನು ಹಿಂದೆ ಗೋಡೆಗೆ ಒರಗಿ, ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಫೋನು ಹಿಡಿದು, ಸದ್ದು ಆರಿಸಿ, ಕಾರಿನ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಸುಣ್ಣದ ಗೆರೆಗಿಂತ ಗೇಣಷ್ಟು ಉದ್ದವಿತ್ತು, ಯೂಟ್ಯೂಬಿನವನು ಕೈಕೊಟ್ಟಿದ್ದ. ನಡುವೆ ಅವಳು ತಿರುಗಿ, ಏನಾಯಿತೆಂದು ಹುಬ್ಬು ಹಾರಿಸಿದಳು. ಬುಕ್ ಮಾಡಲೇ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ತಾಳ ತಪ್ಪಿಸದೆಯೇ ತಲೆಯಾಡಿಸಿ, ಹೌದೆಂದಳು.

ಯಾರ ಹೆಸರಿಗೆ ಎಂಬ ಖಾಲಿ ಜಾಗದಲ್ಲಿ ಅವಳ ಹೆಸರು ಬರೆದೆ. ಆಮೇಲೆ, ಬೇರೆ ಯಾವುದನ್ನೂ ನೋಡುವ ಮುಂಚೆ, ಹಿಂದಿನ ಸೀಟಿನ ಕಿಟಕಿ ಎಷ್ಟು ಅಗಲವಾಗಿ ತೆರೆಯುತ್ತದೆ ಎಂದು ಹುಡುಕತೊಡಗಿದೆ.